ಬೇವಿನ ಗಿಡದ ವಸ್ತಿ

ಆ ಸಾಲು ಬರೆದವನು ಈಶ್ವರ. ಕೆಲಸದಿಂದ ತೆಗೆದದ್ದು ಶಬನಮಳನ್ನು.

ಕುಣಿಕೋಣೂರಿನ ಹೊಲಗಳ ನಡುವಿನ ಕೊನೆಯ ವಸ್ತಿಗೆ ವಾರದ ಮೇಲಾದರೂ ಟ್ಯಾಂಕರ್ ಹೋಗಿರಲಿಲ್ಲ. ಅಲ್ಲಿಯ ಚಂದ್ರಾಬಾಯಿ ಎಂಬ ಮುದುಕಿ ದೂರದ ಬಾವಿಗೆ ಇಳಿದು, ಪಾವಟಿಗೆಯ ಮೇಲೆ ಜಾರಿ, ಕಾಲು ಮುರಿದುಕೊಂಡಳು. ಟ್ಯಾಂಕರ್ ಯಾಕೆ ಬರಲಿಲ್ಲ ಎಂದು ಹುಡುಕಿದಾಗ ಕಂಪ್ಯೂಟರಿನಲ್ಲಿ ಒಂದು ಸಾಲು ಸಿಕ್ಕಿತು. ಸಾಲಿನ ಪಕ್ಕದಲ್ಲಿ ಶಬನಮಳ ಹೆಸರಿತ್ತು.

ಅವರಿಬ್ಬರ ಪರಿಚಯ ಆದದ್ದು ಜಗಳದಿಂದ.

ಮಹಾರಾಷ್ಟ್ರದ ಗಡಿಯ ಜತ್ತಿನ ಬಜಾರಿನಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅಪ್ಪಾಸಾಹೇಬರ ಆಫೀಸು. ಎರಡು ಲ್ಯಾಪ್‌ಟಾಪು, ಒಂದು ಹಳೆಯ ಕಂಪ್ಯೂಟರು, ಮೂಲೆಯಲ್ಲಿ ಮಣ್ಣಿನ ಕೊಡ. ಅಪ್ಪಾಸಾಹೇಬರು ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗಳ ಗುತ್ತಿಗೆ ಹಿಡಿಯುವವರು. ಯಾವ ವಸ್ತಿಗೆ ಯಾವಾಗ ನೀರು ಎಂಬುದನ್ನು ಡ್ರೈವರನ ಫೋನಿಗೆ ತಾನೇ ಹೇಳುವಂಥ ಆ್ಯಪ್ ಬೇಕೆಂದು ಇಬ್ಬರನ್ನು ಕೂಡಿಸಿದ್ದರು. ಶಬನಮ ಬಳೆ ಅಂಗಡಿಯ ಅಲ್ಲಾಭಕ್ಷನ ಮಗಳು. ಈಶ್ವರ ಬಾಲಗಾಂವದ ಗೊಲ್ಲಾಳಪ್ಪನ ಮಗ, ದಾಳಿಂಬೆ ತೋಟದ ಮನೆತನ.

ಕೆಲಸಕ್ಕೆ ಬಂದ ಮೊದಲ ದಿನವೇ ಈಶ್ವರ ತಾನು ಬರೆದ ಕೋಡನ್ನು ಮೇಲೆ, ಸರ್ವರಿಗೆ, ಕಳಿಸುವ ಭರದಲ್ಲಿ ಅವಳು ಬರೆದದ್ದನ್ನೆಲ್ಲ ಒರೆಸಿಹಾಕಿದ್ದ.

“ನಾ ಮುಂಜಾನಿಂದ ಬರದಿದ್ದು ಎಲ್ಲಿ ಹೋತ್ರಿ?”

“ಇಲ್ಲೇ ಇತ್ತಲ್ರಿ.”

“ಇತ್ತು. ನೀವು ಬರೂತನಕ ಇತ್ತು.”

ಅವನು ಊಟ ಬಿಟ್ಟು ಕುಳಿತು ಅವಳ ಕೆಲಸವನ್ನು ಒಂದೊಂದು ಸಾಲಾಗಿ ಮರಳಿ ತಂದ. ಅವಳು ನೋಡದವಳಂತೆ ನೋಡುತ್ತ ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕೀಬೋರ್ಡಿನ ಪಕ್ಕಕ್ಕೆ ಸರಿಸಿದಳು.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದದೆ ಮೇಲೆ ಕಳಿಸಬಾರದು. ಅವಳು ಓದುವಾಗ ಅವನು ಅವಳ ಕಣ್ಣನ್ನು ಓದುತ್ತಿದ್ದ. ಹುಬ್ಬು ಸಣ್ಣಗೆ ಮೇಲೇರಿದರೆ ಅಲ್ಲೊಂದು ತಪ್ಪಿದೆ ಎಂದರ್ಥ. ಕೆಲವು ತಪ್ಪುಗಳನ್ನು ಅವನು ಆ ಹುಬ್ಬಿಗಾಗಿಯೇ ಬಿಡುತ್ತಿದ್ದ.

ಇಬ್ಬರ ಕೈ ಒಂದೇ ಸಾಲಿಗೆ ಬಿದ್ದರೆ ಯಂತ್ರ ನಿಂತು ಕೇಳುತ್ತದೆ. ಇವರದು ಇಡಲೋ, ಅವರದು ಇಡಲೋ, ಎರಡೂ ಇಡಲೋ.

“ಏನ ಮಾಡ್ಲಿ?” ಅವನು ಕೇಳುತ್ತಿದ್ದ.

“ಎರಡೂ ಇಡ್ರಿ.”

“ಎರಡೂ ಇಟ್ರ ನಡೀತದೇನ್ರಿ?”

“ನಡಸೋರು ಇದ್ರ ನಡೀತದ.”

ಮಧ್ಯಾಹ್ನ ಕರೆಂಟು ಹೋದರೆ ಹಳೆಯ ಕಂಪ್ಯೂಟರಿನ ಪರದೆ ಕಪ್ಪಾಗಿ ಕನ್ನಡಿಯಾಗುತ್ತಿತ್ತು. ಅದರೊಳಗೆ ಅವಳ ಓಢಣಿಯ ಅಂಚು, ಅದರ ಹಿಂದೆ ಅವನ ಭುಜ. ನೇರವಾಗಿ ನೋಡಲು ನಾಚುವ ಇಬ್ಬರು ಆ ಕಪ್ಪು ಗಾಜಿನಲ್ಲಿ ನೋಡಿಕೊಳ್ಳುತ್ತ ಕುಳಿತಿರುತ್ತಿದ್ದರು. ಕರೆಂಟು ಬಂದಾಗ ಪರದೆಯ ಮೇಲೆ ಅಕ್ಷರಗಳು ಮೂಡಿ ಇಬ್ಬರ ಮುಖವನ್ನೂ ಮುಚ್ಚುತ್ತಿದ್ದವು. ಇಷ್ಟು ಲಗೂನ ಯಾಕ ಬರ್ತದೋ ಎಂದು ಅವನು ಒಮ್ಮೆ ಗೊಣಗಿದ್ದನ್ನು ಕೇಳಿ ಅವಳು ತುಟಿ ಕಚ್ಚಿ ನಕ್ಕಳು. ಅಂದು ಅವಳ ಮಾತಿನಿಂದ ‘ರಿ’ ಉದುರಿಹೋಯಿತು. ಎಲ್ಲಿ ಬಿತ್ತೆಂದು ಇಬ್ಬರೂ ಹುಡುಕಲಿಲ್ಲ.

ಬರೆದದ್ದೆಲ್ಲ ಮೇಲೆ ಹೋಗುತ್ತಿದ್ದದ್ದು ಆ ಹಳೆಯ ಕಂಪ್ಯೂಟರಿನಿಂದ. ಅದನ್ನು ಮೊದಲು ಜೋಡಿಸಿದವಳು ಶಬನಮ. ಹಾಗಾಗಿ ಯಾರು ಕಳಿಸಿದರೂ ಅವಳ ಹೆಸರೇ ಬೀಳುತ್ತಿತ್ತು. ನಿನ್ನ ಹೆಸರನ್ನೂ ಹಚ್ಚಿಕೋ, ನಾಳೆ ಯಾರು ಏನು ಬರೆದರೆಂದು ತಿಳಿಯಬೇಡವೇ ಎಂದು ಅವಳು ಎಷ್ಟೋ ಸಲ ಹೇಳಿದಳು.

“ಇರ್ಲಿ ಬಿಡು,” ಎಂದ ಅವನು. “ನಿನ್ನ ಹೆಸರ್ಲೇ ಹೋಗ್ಲಿ. ಒಂದು ಮನಿಗೆ ಒಂದೇ ರೇಷನ್ ಕಾರ್ಡ್ ಇರ್ತದ ಹೌದಲ್ಲೊ?”

ಅವಳು ಪರದೆಯ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಾದದ್ದನ್ನು ಓಢಣಿ ಮುಚ್ಚಲಿಲ್ಲ. ಆಮೇಲೆ ಅವಳೂ ಒತ್ತಾಯ ಮಾಡಲಿಲ್ಲ. ಅವನು ಬರೆದದ್ದು ತನ್ನ ಹೆಸರಿನ ಕೆಳಗೆ ಹೋಗಿ ಕೂರುವುದನ್ನು ನೋಡುವುದರಲ್ಲಿ ಒಂದು ಸುಖವಿತ್ತು.

ಆ್ಯಪ್ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಮೊದಲು ಕುಣಿಕೋಣೂರಿನ ವಸ್ತಿಗಳನ್ನು ತುಂಬಿದರು. ಊರಿಂದ ಹೊರಗೆ, ಹೊಲಗಳಲ್ಲಿ ಚೆದುರಿದ ವಸ್ತಿಗಳು. ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ಪ್ರತಿ ವಸ್ತಿಗೂ ಮಂದಿ ಎಷ್ಟು, ದನ ಎಷ್ಟು ಎಂದು ಹಾಕಬೇಕು. ಅದರ ಮೇಲೆ ನೀರಿನ ಲೆಕ್ಕ. ಎಲ್ಲ ಮುಗಿದ ಮೇಲೆ, ಸುಮ್ಮನೆ ಪರೀಕ್ಷೆಗೆಂದು, ಈಶ್ವರ ಕೊನೆಯಲ್ಲಿ ಎಲ್ಲೂ ಇಲ್ಲದ ಒಂದು ವಸ್ತಿ ಸೇರಿಸಿದ. ಹೆಸರು, ಬೇವಿನ ಗಿಡದ ವಸ್ತಿ.

“ಮಂದಿ?” ಅವಳು ಕೇಳಿದಳು.

“ಇಬ್ಬರು.”

“ದನ?”

“ಒಂದು ಆಡು ಇರ್ಲಿ.”

“ಆಡು ಯಾಕ?”

“ಚಾಕ್ಕ ಹಾಲು ಬ್ಯಾಡೇನು? ದಿನಾ ಕರಿ ಚಾ ಕುಡಸ್ತೀ ಏನ ನನಗ?”

ಕುಡಿಸುವವಳು ಯಾರು ಎಂದು ಅವಳು ಕೇಳಲಿಲ್ಲ. ಎರಡು ಎಂದು ತಾನೇ ಒತ್ತಿದಳು.

ಮರುದಿನ ಮುಂಜಾನೆ ತೆರೆದು ನೋಡಿದರೆ ಎರಡು ಹೋಗಿ ಮೂರಾಗಿತ್ತು. ಈಶ್ವರ ಕಿಟಕಿಯ ಕಡೆ ಮುಖ ಮಾಡಿ ಬಜಾರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳು ಮಾತಾಡದೆ ಎರಡು ಮಾಡಿದಳು. ಮರುದಿನ ಮತ್ತೆ ಮೂರು. ಆ ತಿಂಗಳೆಲ್ಲ ಆ ಇಲ್ಲದ ವಸ್ತಿಯಲ್ಲಿ ಒಂದು ಮಗು ಹಗಲು ಇಲ್ಲವಾಗುತ್ತಿತ್ತು, ಸಂಜೆಗೆ ಮತ್ತೆ ಬರುತ್ತಿತ್ತು.

ಒಂದು ದಿನ ಅವಳು ಮೂರನ್ನು ಮೂರಾಗಿಯೇ ಬಿಟ್ಟು ಸಂಜೆ ಮನೆಗೆ ಹೋದಳು.

ಆ್ಯಪ್ ಶುರುವಾಗುವ ಹಿಂದಿನ ದಿನ ಗೊಲ್ಲಾಳಪ್ಪ ಬಜಾರಿಗೆ ಬಂದವರು ಮಗನ ಆಫೀಸು ನೋಡಲೆಂದು ಮಾಳಿಗೆ ಹತ್ತಿದರು. ಹಣೆಯಲ್ಲಿ ವಿಭೂತಿ, ಬಿಳಿ ಟೊಪ್ಪಿಗೆ, ಮೆತ್ತನೆಯ ಮಾತು. ಶಬನಮ ಎದ್ದು, ಕುಂದ್ರಿ ಕಾಕಾ ಎಂದು ಕುರ್ಚಿ ಸರಿಸಿ, ಕೊಡದಿಂದ ಗ್ಲಾಸು ತುಂಬಿ ಕೊಟ್ಟಳು. ಅವರು ಎರಡೂ ಕೈಯಿಂದ ಇಸಿದುಕೊಂಡರು. ಯಾರ ಮಗಳವ್ವಾ ಎಂದು ಕೇಳಿದರು. ಅವಳು ಹೇಳಿದಳು. ಚಲೋ ಆತು ಎಂದು ನಕ್ಕು, ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಬಿಸಿಲಲ್ಲಿ ಬಂದವರು. ಗಂಟಲು ಒಣಗಿತ್ತು, ಮಾತಿನ ನಡುವೆ ತುಟಿ ಸವರಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಗನ ಕಡೆ ನೋಡಿದರು. ಈಶ್ವರ ಎದ್ದ. ಬೇರೆ ಗ್ಲಾಸು ತೊಳೆದ. ಅದೇ ಕೊಡದಿಂದ ನೀರು ತುಂಬಿ ಕೊಟ್ಟ. ಅವರು ಗಟಗಟ ಕುಡಿದರು.

ಅವರು ಹೋದ ಮೇಲೆ ಕಿಟಕಿಯ ಮೇಲಿನ ನೀರನ್ನು ಶಬನಮ ತಾನೇ ಕುಡಿದಳು. ಈಶ್ವರ ಏನಾದರೂ ಹೇಳುತ್ತಾನೆಂದು ಕಾದಳು. ಅಪ್ಪ ಹಳೇ ಕಾಲದವರು ಎನ್ನಬಹುದಿತ್ತು. ತಪ್ಪಾತು ಎನ್ನಬಹುದಿತ್ತು. ಅವಳ ಹೆಸರನ್ನು ಸುಮ್ಮನೆ ಒಮ್ಮೆ ಕರೆದರೂ ಸಾಕಿತ್ತು. ಅವನು ಚಾರ್ಜರಿನ ವೈರು ಸುತ್ತುತ್ತ ಕುಳಿತ.

ಆ ಸಂಜೆ ಅವಳು ಮನೆಗೆ ಹೋಗುವ ಮೊದಲು ವಸ್ತಿಗಳ ಯಾದಿ ತೆರೆದು, ಬೇವಿನ ಗಿಡದ ವಸ್ತಿಯನ್ನು ಅಳಿಸಿದಳು. ಮೂವರು ಮಂದಿ, ಒಂದು ಆಡು.

ಅವಳು ಹೋದ ಮೇಲೆ ಈಶ್ವರ ಒಬ್ಬನೇ ಕುಳಿತಿದ್ದ. ನಾಳೆ ಆ್ಯಪ್ ಶುರುವಾದರೆ ಇಲ್ಲದ ವಸ್ತಿಗೂ ಟ್ಯಾಂಕರ್ ಹೊರಡುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ ಅವನಿಗೆ. ಅಳಿಸಲು ಮನಸ್ಸು ಒಪ್ಪಲಿಲ್ಲ. ಅದು ಅಲ್ಲೇ ಇರಲಿ, ಯಾರಿಗೂ ಕಾಣದಿರಲಿ. ಹಾಗೆಂದು, ಟ್ಯಾಂಕರಿನ ಸುತ್ತು ಹೇಳುವ ಕಡೆ, ಯಂತ್ರ ವಸ್ತಿಗಳನ್ನು ಒಂದೊಂದಾಗಿ ಎಣಿಸಿಕೊಂಡು ಹೋಗುವ ಲೂಪಿನಲ್ಲಿ ಒಂದು ಸಾಲು ಬರೆದ. ಕುಣಿಕೋಣೂರಿನ ಯಾದಿಯಲ್ಲಿ ಕೊನೆಯದನ್ನು ಬಿಟ್ಟುಬಿಡು. ಯಾದಿಯನ್ನು ತೆರೆದು ನೋಡಲಿಲ್ಲ. ಅದರಲ್ಲಿ ಏನಿದೆ ಎಂಬುದು ಅವನಿಗೆ ಬಾಯಿಪಾಠ.

ಒಂದೇ ಸಾಲಿಗೆ ಎರಡು ಕೈ ಬಿದ್ದಿದ್ದರೆ ಯಂತ್ರ ನಿಂತು ಕೇಳುತ್ತಿತ್ತು. ಅವಳು ಕೈ ಇಟ್ಟದ್ದು ಒಂದು ಕಡೆ, ಅವನು ಇಟ್ಟದ್ದು ಇನ್ನೊಂದು ಕಡೆ. ಯಂತ್ರ ಏನೂ ಕೇಳದೆ ಎರಡನ್ನೂ ಇಟ್ಟುಕೊಂಡಿತು.

ಒಬ್ಬರದನ್ನು ಇನ್ನೊಬ್ಬರು ಓದಿದ್ದರೆ ತಿಳಿಯುತ್ತಿತ್ತು. ಆ ಸಂಜೆಯ ನಂತರದ ದಿನಗಳಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕರೆಂಟು ಹೋದರೆ ಅವಳು ಎದ್ದು ಕಿಟಕಿಗೆ ಹೋಗುತ್ತಿದ್ದಳು.

ಇಲ್ಲದ ವಸ್ತಿ ಹೋದ ಮೇಲೆ ಯಾದಿಯ ಕೊನೆಯಲ್ಲಿ ಉಳಿದದ್ದು ಇರುವ ವಸ್ತಿ. ಕರಿಕಲ್ಲ ವಸ್ತಿ. ನಾಲ್ಕಾರು ಮನೆ, ಎಲ್ಲಕ್ಕಿಂತ ದೂರ. ಡ್ರೈವರನ ಫೋನು ಅದರ ಹೆಸರನ್ನೇ ತೋರಿಸಲಿಲ್ಲ. ಸುತ್ತು ಮುಗಿಯಿತು ಎಂದು ತೋರಿಸಿತು. ಅವನು ಗಾಡಿ ತಿರುಗಿಸಿದ. ಅಲ್ಲಿಯವರು ಫೋನು ಮಾಡಿದರೆ ನಿಮ್ಮ ವಸ್ತಿ ಇದರಲ್ಲಿ ಇಲ್ಲ ಎಂದ. ದೂರದವರ ಕೂಗು ಆಫೀಸಿನ ಮಾಳಿಗೆ ಹತ್ತುವುದಕ್ಕೆ ಚಂದ್ರಾಬಾಯಿಯ ಎಲುಬು ಮುರಿಯಬೇಕಾಯಿತು.

ಅಂದು ಬಜಾರಿನಲ್ಲಿ ಮಂದಿ ಕೂಡಿತು. ಯಾರು ಬರೆದದ್ದು ತೋರಿಸು ಎಂದು ಅಪ್ಪಾಸಾಹೇಬರು ಈಶ್ವರನಿಗೆ ಹೇಳಿದರು. ಅವನು ಆ ಸಾಲು ತೆಗೆದ. ಸಾಲು ಕಂಡೊಡನೆ ಅವನ ಮುಖದ ಬಣ್ಣ ಇಳಿಯಿತು. ಅದು ತನ್ನದು. ಪಕ್ಕದಲ್ಲಿ ಶಬನಮಳ ಹೆಸರು. ಅಪ್ಪಾಸಾಹೇಬರು ಆ ಹೆಸರನ್ನು ಗಟ್ಟಿಯಾಗಿ ಓದಿದರು.

ಬೇಕಂತ ಮಾಡ್ಯಾಳ ಎಂದು ಕೆಳಗಿನಿಂದ ಯಾರೋ ಅಂದರು. ಇವರ ಮಂದೀನ ಹಂಗ ಎಂದು ಇನ್ನೊಬ್ಬರು. ಹೆಸರು ಕೇಳಿದ ಮೇಲೆ ಲೂಪು ಏನೆಂದು ಯಾರೂ ಕೇಳಲಿಲ್ಲ. ಅವಳ ಅಜ್ಜ ಆ ವಸ್ತಿಗಳ ಅಂಗಳದಲ್ಲಿ ಕುಳಿತು ಬಾಣಂತಿಯರಿಗೆ ಬಳೆ ಇಟ್ಟವನು ಎಂಬುದು ಅಲ್ಲಿದ್ದ ಎಷ್ಟೋ ಜನರಿಗೆ ಗೊತ್ತಿತ್ತು. ಗೊತ್ತಿದ್ದವರು ಸುಮ್ಮನಿದ್ದರು.

ಶಬನಮ ಈಶ್ವರನ ಕಡೆ ನೋಡಿದಳು. ಅವನು ಬಾಯಿ ತೆರೆದ. ಬಾಗಿಲಲ್ಲಿ ಯಾರೋ ‘ಗೊಲ್ಲಾಳಪ್ಪನ ಮಗ ಇದ್ದಾನಂತ ಆಫೀಸು ಉಳದದ’ ಎಂದದ್ದು ಕೇಳಿಸಿತು. ಅವನ ಬಾಯಿ ಮುಚ್ಚಿತು. ತಿರುಗಿ ಕುಳಿತು ಆ ಸಾಲನ್ನು ಅಳಿಸಿ ಮೇಲೆ ಕಳಿಸಿದ. ಅದೇ ಕಂಪ್ಯೂಟರು. ತಪ್ಪು ಹೋದ ಹೆಸರಿನಲ್ಲೇ ತಿದ್ದಿದ್ದೂ ಹೋಯಿತು. ಅದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ.

ನಾಳೆಯಿಂದ ಬರಬೇಡ ಎಂದರು ಅಪ್ಪಾಸಾಹೇಬರು. ಅವಳು ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ಮಂದಿ ದಾರಿ ಬಿಟ್ಟರು. ಒಬ್ಬ ಉಗುಳಿದ.

ನಾಲ್ಕು ದಿನ ಬಿಟ್ಟು ಈಶ್ವರ ಬಳೆ ಅಂಗಡಿಗೆ ಬಂದ. ಅಲ್ಲಾಭಕ್ಷ ಅವನನ್ನು ನೋಡಿ, ಮಗಳನ್ನು ನೋಡಿ, ನಮಾಜಿನ ಹೊತ್ತಾಯಿತೆಂದು ಎದ್ದು ಹೋದ. ನಮಾಜಿಗೆ ಇನ್ನೂ ಹೊತ್ತಿತ್ತು.

ಸುತ್ತಲೂ ಹಸಿರು, ಕೆಂಪು, ಹಳದಿ ಗಾಜು. ಈಶ್ವರ ತೆಳ್ಳಗಾಗಿದ್ದ. ಗಡ್ಡ ಬಂದಿತ್ತು. ಬಯ್ಯಬೇಕೆಂದು ಕುಳಿತಿದ್ದ ಶಬನಮಳಿಗೆ ಮೊದಲು ಬಾಯಿಗೆ ಬಂದದ್ದು ಊಟ ಆತೇನು ಎಂಬ ಮಾತು. ಅದನ್ನು ನುಂಗಿದಳು.

“ಐತವಾರ ವಸ್ತಿಗೆ ಹೋಗೂದದ,” ಎಂದ ಅವನು. “ಮಂದಿ ಮುಂದ ನೀ, ನಂದು ತಪ್ಪಾತು ಅಂದ್ರ ಸಾಕಂತ. ಸೋಮಾರ ಕೆಲಸಕ್ಕ ಬಾ ಅಂದಾರ ಸಾಹೇಬ್ರು.”

“ನಂದು ಅಂತ?”

“ಹೂಂ.”

“ನಮ್ಮದು ಅಂದ್ರ?”

ಅವನು ಒಂದು ಬಳೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಇಟ್ಟ.

ಅವಳಿಗೆ ಈಗ ಎಲ್ಲ ತಿಳಿದಿತ್ತು. ಕೊನೆಯದನ್ನು ಬಿಡು ಎಂಬ ಸಾಲನ್ನು ಅವನು ಯಾಕೆ ಬರೆದಿರಬೇಕೆಂದು ಅಂದೇ ತಿಳಿದು, ಮನೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತಿದ್ದಳು. ತಾನು ಕೆಡವಿದ ಮನೆಯನ್ನು ಅವನು ಅಡಗಿಸಿಡಲು ನೋಡಿದ್ದ. ಅಳಿಸಿದ್ನಿ ಎಂದು ತಾನಾದರೂ ಒಂದು ಮಾತು ಹೇಳಿದ್ದರೆ ಚಂದ್ರಾಬಾಯಿ ಇಂದು ನಡೆಯುತ್ತಿದ್ದಳು. ಅದನ್ನೇ ಅವನಿಗೆ ಹೇಳಿದಳು. ನನ್ನ ಪಾಲಿನದು ನಾ ಹೇಳುತ್ತೇನೆ, ನಿನ್ನ ಪಾಲಿನದು ನೀ ಹೇಳು, ಪಕ್ಕಕ್ಕೆ ಪಕ್ಕ ನಿಂತು ಹೇಳೋಣ ಎಂದಳು.

“ಹೆಸರು ಕೂಡಿ ಬಂದ್ರ ಯಾಕ ಅಂತ ಕೇಳ್ತಾರ, ಶಬನಮ. ಆ ವಸ್ತಿ ಮಾತು ಬರ್ತದ. ಅಪ್ಪಗ ಗೊತ್ತಾಗ್ತದ.”

“ಗೊತ್ತಾಗ್ಲಿ.”

“ನಿಮ್ಮ ಅಂಗಡಿಗೆ ಕಲ್ಲು ಬೀಳ್ತಾವ.”

“ಈಗೇನು ಹೂವ ಬಿದ್ದಾವು?”

ಅವನು ಬಳೆಗಳ ಕಡೆ ತಿರುಗಿದ. ಆಮೇಲೆ, ಗಾಜಿಗೆ ಹೇಳಿದಂತೆ, ತಗ್ಗಿದ ದನಿಯಲ್ಲಿ ಹೇಳಿದ. “ಒಮ್ಮಿ ಅಂದುಬಿಡು. ನೀ ಬಂದ್ರ ದಿನಾ ನೋಡ್ತೀನಿ ನಿನ್ನ. ಕರೆಂಟ ಹೋದಾಗರೆ ನೋಡ್ತೀನಿ. ನನಗ ಅಷ್ಟ ಸಾಕು.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳನ್ನು ಕೊರೆದದ್ದು ಅದೇ. ಇವನು ತನ್ನನ್ನು ಪ್ರೀತಿಸುತ್ತಾನೆ; ಕಪ್ಪು ಗಾಜಿನಲ್ಲಿ, ಇಲ್ಲದ ವಸ್ತಿಯಲ್ಲಿ, ಯಾರಿಗೂ ಕಾಣದ ಕಡೆ, ಜೀವ ಹೋಗುವಷ್ಟು ಪ್ರೀತಿಸುತ್ತಾನೆ. ಅವರಿಬ್ಬರ ಹೆಸರು ಮದುವೆಯ ಪತ್ರಿಕೆಯಲ್ಲಿ ಜೊತೆಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಂದು ತಪ್ಪಿನಲ್ಲಾದರೂ ಬರಬಹುದು ಎಂದುಕೊಂಡಿದ್ದಳು.

“ರೇಷನ್ ಕಾರ್ಡಿನ್ಯಾಗ ಮನಿಮಂದಿ ಹೆಸರೆಲ್ಲಾ ಇರ್ತಾವ, ಈಶ್ವರ,” ಎಂದಳು. “ನಿಮ್ಮ ಮನೀದು ಒಮ್ಮಿ ತಗದು ನೋಡು.”

ಐತವಾರ ಬರುತ್ತೇನೆ ಎಂದೂ ಹೇಳಿದಳು. ಚಂದ್ರಾಬಾಯಿಯನ್ನು ನೋಡಬೇಕಿತ್ತು.

ಕರಿಕಲ್ಲ ವಸ್ತಿಯ ಅಂಗಳದಲ್ಲಿ ಹೊರಸು ಹಾಕಿ ಚಂದ್ರಾಬಾಯಿಯನ್ನು ಮಲಗಿಸಿದ್ದರು. ಕಾಲಿಗೆ ಬಿಳಿ ಪಟ್ಟಿ. ಮುಂಜಾನೆಯೇ ಟ್ಯಾಂಕರ್ ಬಂದು ಹೋಗಿದ್ದರಿಂದ ಅಂಗಳದ ಮಣ್ಣು ಇನ್ನೂ ಹಸಿ. ಅಪ್ಪಾಸಾಹೇಬರು ಬಂದವರನ್ನೆಲ್ಲ ಅರ್ಧ ಸುತ್ತಾಗಿ ನಿಲ್ಲಿಸಿ, ವಿಡಿಯೋ ತೆಗೆಯಲು ಫೋನು ಸರಿಮಾಡಿಕೊಳ್ಳುತ್ತಿದ್ದರು. ಎಲ್ಲ ವಸ್ತಿಗಳ ಗ್ರೂಪಿಗೂ ಹಾಕಬೇಕಂತೆ. ಈಶ್ವರ ಅವರ ಹಿಂದೆ ನಿಂತಿದ್ದ.

ಮುದುಕಿ ಮೊದಲು ಶಬನಮಳನ್ನು ಕರೆದಳು. ತಂಬಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು. ಬಿಸಿಲಾಗ ಬಂದೀಯವ್ವಾ, ಕುಡಿ ಎಂದಳು. ಶಬನಮ ತಳ ಕಾಣುವವರೆಗೆ ಕುಡಿದಳು.

“ಒಂದು ಮಾತು ಕೇಳ್ತೀನಿ,” ಎಂದಳು ಮುದುಕಿ. “ನಾವು ಇಲ್ಲೇ ಅದೀವಿ. ನಮ್ಮ ಮನಿ ಅದ, ಎಮ್ಮಿ ಅದ. ಮತ್ತ ನಿಮ್ಮ ಫೋನಿನ್ಯಾಗ ನಾವು ಹೆಂಗ ಇಲ್ಲದಂಗಾದ್ವಿ?”

ಅಪ್ಪಾಸಾಹೇಬರು ಫೋನು ಎತ್ತಿ ಹಿಡಿದು, ಹೂಂ ಶುರು ಮಾಡು ಎಂದರು.

ಶಬನಮ ಹೊರಸಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಫೋನಿನ ಕಡೆ ನೋಡಲಿಲ್ಲ.

“ನಿಮ್ಮ ವಸ್ತಿ ಆಚಿ ಕಡಿ ಒಂದು ಸುಳ್ಳ ಮನಿ ಕಟ್ಟಿದ್ವಿ, ಆಯಿ. ಆಟದ ಮನಿ. ನಾ ಅದನ್ನ ಕೆಡವಿದ್ನಿ, ಮತ್ತೊಬ್ಬರಿಗೆ ಹೇಳ್ಲಿಲ್ಲ. ಮತ್ತೊಬ್ಬರು ಆ ಮನೀಗೆ ನೀರ ಹೋಗಬಾರದಂತ ಬರದ್ರು, ನನಗ ಹೇಳ್ಲಿಲ್ಲ. ಅಲ್ಲಿ ಮನಿ ಇರ್ಲಿಲ್ಲ, ನೀವಿದ್ರಿ. ನನ್ನ ಪಾಲಿಂದಕ್ಕ ನಿಮ್ಮ ಕಾಲ ಹಿಡೀತೀನಿ.”

ಹಿಡಿದಳು. ಚಂದ್ರಾಬಾಯಿ ಅವಳ ತಲೆಯ ಮೇಲೆ ಕೈ ಇಟ್ಟು, ತೆಗೆಯಲಿಲ್ಲ.

ಅಪ್ಪಾಸಾಹೇಬರು ಫೋನು ಇಳಿಸಿದರು. ಮತ್ತೊಬ್ಬರು ಗಿತ್ತೊಬ್ಬರು ಬೇಡ ಎಂದರು. ಕಂಪ್ಯೂಟರಿನಲ್ಲಿ ಇರುವುದು ಒಂದೇ ಹೆಸರು. ನಾನೊಬ್ಬಾಕೀನ ಮಾಡೀನಿ ಎಂದು ಒಂದು ಸಾಲು ಅನ್ನಲಿ, ಮುಗಿಯಿತು, ನಾಳೆ ಅದೇ ಕುರ್ಚಿ, ಅದೇ ಪಗಾರ. ಇಲ್ಲವಾದರೆ ಆ ಮತ್ತೊಬ್ಬರು ಯಾರೆಂದು ಇಲ್ಲೇ ಹೇಳಲಿ.

ಅಂಗಳದವರೆಲ್ಲ ಅವಳನ್ನು ನೋಡಿದರು. ಅವಳು ಎದ್ದು ನಿಂತು ಈಶ್ವರನನ್ನು ನೋಡಿದಳು. ಮೊದಲ ಸಲ ನೇರವಾಗಿ, ಗಾಜಿಲ್ಲದೆ, ಹಗಲಲ್ಲಿ, ಮಂದಿಯ ನಡುವೆ. ಯಂತ್ರವಾದರೆ ಇಂಥ ಕಡೆ ನಿಂತು ಕೇಳುತ್ತಿತ್ತು. ಅವಳ ಹುಬ್ಬು ಸಣ್ಣಗೆ ಮೇಲೇರಿತು. ಅವನಿಗೆ ಮಾತ್ರ ಗೊತ್ತಿದ್ದ ಹುಬ್ಬು. ಇಲ್ಲೊಂದು ತಪ್ಪಿದೆ, ತಿದ್ದು ಎನ್ನುವ ಹುಬ್ಬು.

ಈಶ್ವರನ ಕಣ್ಣು ತುಂಬಿತ್ತು. ತುಟಿ ಅಲುಗಿತು.

“ಅನ್ನು, ಶಬನಮ,” ಎಂದ ಅವನು.

ಹಸಿ ಮಣ್ಣಿನ ಮೇಲೆ ಒಂದು ಕೋಳಿ ಓಡಿಹೋಯಿತು. ಅಪ್ಪಾಸಾಹೇಬರು ಮತ್ತೆ ಫೋನು ಎತ್ತಿದರು. ಶಬನಮ ಓಢಣಿಯನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಅಪರಿಚಿತರ ಮುಂದೆ ಮಾಡಿಕೊಳ್ಳುವ ಹಾಗೆ.

“ಅನ್ನೂದಿಲ್ರಿ,” ಎಂದಳು, ಅವನಿಗೆ.